ದಿನದ ಬಾಡಿಗೆ ಮನೆಗೆ ಒಳ್ಳೆ ಲೋಕಲ್ ಮ್ಯಾನೇಜ್‌ಮೆಂಟ್‌ನೋರನ್ನ ಹುಡುಕೋದು ಹೇಗೆ

ಮನೆ ಒಂದೂರಲ್ಲಿ, ನೀವು ಇನ್ನೊಂದೂರಲ್ಲಿ. ಏರ್‌ಬಿಎನ್‌ಬಿಲೋ ಬುಕಿಂಗ್ ಡಾಟ್ ಕಾಮ್‌ನಲ್ಲೋ ಹಾಕಿ ದಿನದ ಲೆಕ್ಕಕ್ಕೆ ಬಾಡಿಗೆಗೆ ಕೊಡ್ತಿದೀರಿ ಅಂದ್ರೆ ಒಂದಲ್ಲ ಒಂದಿನ ರಾತ್ರಿ ಹನ್ನೊಂದು ಗಂಟೆಗೆ ಗೆಸ್ಟ್ ಫೋನ್ ಮಾಡಿ "ಲಾಕ್ ಓಪನ್ನೇ ಆಗ್ತಿಲ್ಲ" ಅಂತಾರೆ. ಆಗ ಬಾಗಿಲ ಹತ್ರ ಹೋಗಿ ನಿಲ್ಲೋರು ಯಾರು? ಮ್ಯಾನೇಜ್‌ಮೆಂಟ್ ಸರ್ವಿಸ್ ಹುಡುಕೋವಾಗ ಕಮಿಷನ್ ಎಷ್ಟು, ವೆಬ್‌ಸೈಟ್ ಹೇಗಿದೆ ಅನ್ನೋದೆಲ್ಲ ಆಮೇಲಿನ ಮಾತು, ಮೊದ್ಲು ಈ ಪ್ರಶ್ನೆಗೆ ಹೆಸರು ಮತ್ತು ಫೋನ್ ನಂಬರ್ ಸಮೇತ ಉತ್ತರ ಕೊಡೋರು ಸಿಗ್ಬೇಕು.

ಹುಡುಕೋಕೆ ಶುರು ಮಾಡೋ ಮುಂಚೆ ಒಂದು ಪೇಪರ್ ತಗೊಂಡು ಕೆಲಸಗಳನ್ನ ಎರಡು ಭಾಗ ಮಾಡಿ. ಎಲ್ಲಿ ಕೂತಾದ್ರೂ ಮಾಡಬಹುದಾದ್ದು ಒಂದ್ಕಡೆ: ಮೆಸೇಜ್‌ಗೆ ರಿಪ್ಲೈ, ರೇಟ್ ಏರ್ಸೋದು ಇಳ್ಸೋದು, ಕ್ಯಾಲೆಂಡರ್, ರಿವ್ಯೂ ಬರಿಯೋದು. ಅಲ್ಲೇ ಇದ್ದು ಮಾಡಬೇಕಾದ್ದು ಇನ್ನೊಂದ್ಕಡೆ: ಕ್ಲೀನಿಂಗ್, ಬೆಡ್‌ಶೀಟ್ ಟವಲ್ ಒಗೆಸೋದು, ಕೀ, ರಿಪೇರಿ, ಗಲಾಟೆ ಆದ್ರೆ ಹೋಗಿ ನೋಡೋದು. ಮೊದಲನೇ ಭಾಗ ನೀವೇ ಆರಾಮಾಗಿ ಮಾಡ್ತೀರಿ ಅಂದ್ರೆ ಫುಲ್ ಸರ್ವಿಸ್ ಕಂಪನಿಗೆ ಪೂರ್ತಿ ಕಮಿಷನ್ ಕೊಡೋ ಅವಶ್ಯಕತೆನೇ ಇಲ್ಲ, ಒಬ್ಬ ಕೋ-ಹೋಸ್ಟ್ (ಆ್ಯಪ್‌ನಲ್ಲಿ ನಿಮ್ಮ ಜೊತೆ ಸೇರಿ ಮನೆ ನೋಡ್ಕೊಳ್ಳೋರು) ಅಥವಾ ಒಂದು ಒಳ್ಳೆ ಕ್ಲೀನಿಂಗ್ ಟೀಮ್ ಮತ್ತೆ ಎಮರ್ಜೆನ್ಸಿಗೆ ಒಬ್ಬ ನಂಬಿಕಸ್ಥ ಮನುಷ್ಯ ಸಾಕು. ಆದ್ರೆ ನಿಮ್ಮ ಮಾಮೂಲಿ ಕೆಲಸದ ಮಧ್ಯೆ ಗೆಸ್ಟ್ ಮೆಸೇಜ್‌ಗೆ ಗಂಟೆಗಟ್ಲೆ ರಿಪ್ಲೈ ಮಾಡೋಕಾಗಲ್ಲ ಅನ್ನೋದಾದ್ರೆ ನೀವೇ ಮಾಡೋ ಆಸೆ ಬಿಟ್ಬಿಡಿ. ಏರ್‌ಬಿಎನ್‌ಬಿಲಿ ಸೂಪರ್‌ಹೋಸ್ಟ್ (ಚೆನ್ನಾಗಿ ನಡೆಸೋ ಹೋಸ್ಟ್‌ಗೆ, ಅಂದ್ರೆ ಮನೆ ಕೊಡೋರಿಗೆ, ಸಿಗೋ ಬ್ಯಾಡ್ಜ್) ಆಗೋಕೆ ರೆಸ್ಪಾನ್ಸ್ ರೇಟ್ 90%, ರೇಟಿಂಗ್ 4.8 ಇರ್ಬೇಕು, ಅರ್ಧಂಬರ್ಧ ಗಮನ ಕೊಟ್ರೆ ಅದು ಉಳಿಯಲ್ಲ.

ಇನ್ನೊಂದು ವಿಷಯ ಹುಡುಕೋಕೆ ಮುಂಚೆನೇ ಕ್ಲಿಯರ್ ಆಗ್ಬೇಕು, ನಿಮ್ಮ ಮನೆ ಇರೋ ಜಾಗದಲ್ಲಿ ದಿನದ ಬಾಡಿಗೆಗೆ ಪರ್ಮಿಷನ್ ಇದೆಯಾ ಅನ್ನೋದು. ರೂಲ್ಸ್ ಊರಿಂದ ಊರಿಗೆ ಪೂರ್ತಿ ಬೇರೆ. ನ್ಯೂಯಾರ್ಕ್ ಸಿಟಿಲಿ 2023ರ ಸೆಪ್ಟೆಂಬರ್‌ನಿಂದ ರಿಜಿಸ್ಟ್ರೇಷನ್ ಕಡ್ಡಾಯ, 30 ದಿನಕ್ಕಿಂತ ಕಮ್ಮಿ ಬಾಡಿಗೆಗೆ ಕೊಟ್ರೆ ಹೋಸ್ಟ್ ಕೂಡ ಅದೇ ಮನೇಲಿ ಇರ್ಬೇಕು, ಅಂದ್ರೆ ದೂರದ ಓನರ್‌ಗೆ ಅಲ್ಲಿ ಈ ವ್ಯವಹಾರನೇ ಮುಗೀತು. ಲಂಡನ್‌ನಲ್ಲಿ ಇಡೀ ಮನೆ ಕೊಡೋದಾದ್ರೆ ಪ್ಲಾನಿಂಗ್ ಪರ್ಮಿಷನ್ ಇಲ್ದೆ ವರ್ಷಕ್ಕೆ 90 ರಾತ್ರಿ ಮಾತ್ರ. ಬಾರ್ಸಿಲೋನಾ ಅಂತೂ 2028ರ ಹೊತ್ತಿಗೆ ಟೂರಿಸ್ಟ್ ಫ್ಲಾಟ್‌ಗಳ ಲೈಸೆನ್ಸ್‌ಗಳನ್ನೇ ನಿಲ್ಲಿಸ್ತೀವಿ ಅಂತ ಹೇಳಿದೆ. ಇದ್ರ ಜೊತೆಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ರೂಲ್ಸ್, ಇನ್ಶೂರೆನ್ಸ್ ಪಾಲಿಸಿ, ಲೋನ್ ಪೇಪರ್‌ಗಳಲ್ಲಿರೋ ಷರತ್ತುಗಳು ಬೇರೆ. ಇದನ್ನೆಲ್ಲ ನೀವೇ ಮೊದ್ಲು ಓದ್ಕೊಳ್ಳಿ, ಯಾಕಂದ್ರೆ ಮ್ಯಾನೇಜರ್‌ನ ಅಳೆಯೋಕೆ ಇದೇ ಮೊದಲನೇ ಪ್ರಶ್ನೆ ಆಗುತ್ತೆ. "ನನ್ನ ಮನೆಗೆ ಏನೇನು ಪರ್ಮಿಷನ್ ಬೇಕು?" ಅಂತ ಏನೂ ಗೊತ್ತಿಲ್ದೋರ ಹಾಗೆ ಕೇಳಿ. "ಅದೆಲ್ಲ ಏನೂ ಬೇಡ ಸರ್, ಎಲ್ರೂ ಹೀಗೇ ನಡೆಸ್ತಿದಾರೆ" ಅಂದ್ರೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಬಿಡಿ. ಫೈನ್ ಬಂದಾಗ ನೋಟಿಸ್ ಬರೋದು ಓನರ್ ಹೆಸರಿಗೆ, ಅವರು ಕೈ ತೊಳ್ಕೊಂಡು ಹೋಗ್ತಾರೆ.

ಈಗ ಹುಡುಕೋದು. ಗೂಗಲ್‌ನಲ್ಲಿ ಟೈಪ್ ಮಾಡಿದ್ರೆ ಮೇಲೆ ಬರೋದು ಜಾಹೀರಾತಿಗೆ ದುಡ್ಡು ಸುರಿದಿರೋ ದೊಡ್ಡ ಕಂಪನಿಗಳು, ಅವರ ಕಾಲ್ ಸೆಂಟರ್ ಬೇರೆಲ್ಲೋ ಇರುತ್ತೆ, ನಿಮ್ಮೂರಲ್ಲಿ ಕೆಲಸ ಮಾಡೋರು ಕಾಂಟ್ರಾಕ್ಟ್ ಮೇಲೆ ಇರೋ ಬೇರೆ ಯಾರೋ. ಅದಕ್ಕಿಂತ ಒಳ್ಳೆ ದಾರಿ ಅಂದ್ರೆ ಗೆಸ್ಟ್ ಥರ ಆ್ಯಪ್ ಓಪನ್ ಮಾಡಿ ನಿಮ್ಮ ಮನೆ ಇರೋ ಏರಿಯಾನೇ ಸರ್ಚ್ ಮಾಡೋದು. ನಿಮ್ಮ ಮನೆಯಷ್ಟೇ ದೊಡ್ಡದಿರೋ, ಚೆನ್ನಾಗಿ ನಡೀತಿರೋ ಲಿಸ್ಟಿಂಗ್‌ಗಳನ್ನ ತೆಗೆದು ಹೋಸ್ಟ್ ಪ್ರೊಫೈಲ್ ನೋಡಿ, ಒಂದೇ ಹೆಸರಲ್ಲಿ ಏಳೆಂಟು ಮನೆ ಇದ್ರೆ ಅವರು ಬೇರೆಯವರ ಮನೆಗಳನ್ನೂ ನೋಡ್ಕೊಳ್ತಿರೋ ಸಾಧ್ಯತೆ ಹೆಚ್ಚು. ಫೈವ್ ಸ್ಟಾರ್ ರಿವ್ಯೂ ಓದೋದ್ರಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ. ಕಮ್ಮಿ ಸ್ಟಾರ್ ಕೊಟ್ಟವರು ಏನು ಬರ್ದಿದಾರೆ, ಅದಕ್ಕೆ ಹೋಸ್ಟ್ ಏನು ಉತ್ತರ ಕೊಟ್ಟಿದಾರೆ ನೋಡಿ. "ಗೀಸರ್ ಕೆಟ್ಟಿತ್ತು" ಅಂತ ಮೂರು ತಿಂಗಳ ಅಂತರದಲ್ಲಿ ಇಬ್ಬರು ಬರ್ದಿದ್ರೆ ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಅಂತ ಅರ್ಥ.

ಏರ್‌ಬಿಎನ್‌ಬಿನೇ 2024ರ ಅಕ್ಟೋಬರ್‌ನಲ್ಲಿ ಕೋ-ಹೋಸ್ಟ್ ನೆಟ್‌ವರ್ಕ್ ಅಂತ ಶುರು ಮಾಡಿದೆ, ಅದು ನಿಮ್ಮ ದೇಶದಲ್ಲಿ ಇದ್ರೆ ಅಲ್ಲೂ ನೋಡಬಹುದು, ಅವರ ರೇಟಿಂಗ್, ಯಾವ್ಯಾವ ಕೆಲಸ ಮಾಡ್ತಾರೆ ಅನ್ನೋದೆಲ್ಲ ಅಲ್ಲೇ ಕಾಣುತ್ತೆ. ಆದ್ರೆ ನನ್ನ ಪ್ರಕಾರ ಎಲ್ಲದಕ್ಕಿಂತ ಸಾಚಾ ಮಾಹಿತಿ ಸಿಗೋದು ಅಲ್ಲಿ ಕೆಲಸ ಮಾಡೋರ ಹತ್ರ. ಆ ಏರಿಯಾದ ಪ್ಲಂಬರ್, ಎಲೆಕ್ಟ್ರಿಷಿಯನ್, ಲಾಂಡ್ರಿಯವರು, ಕ್ಲೀನಿಂಗ್‌ಗೆ ಬರೋರು, ಇವರನ್ನ ಒಂದೇ ಪ್ರಶ್ನೆ ಕೇಳಿ: ಯಾರು ಟೈಮಿಗೆ ದುಡ್ಡು ಕೊಡ್ತಾರೆ? ಕೆಲಸದವರ ದುಡ್ಡು ತಿಂಗಳಾನುಗಟ್ಲೆ ಬಾಕಿ ಇಟ್ಕೊಳ್ಳೋ ಮ್ಯಾನೇಜರ್‌ಗೆ ಭಾನುವಾರ ಸಂಜೆ ಪೈಪ್ ಒಡೆದ್ರೆ ಯಾವ ಪ್ಲಂಬರ್ರೂ ಬರಲ್ಲ, ಆಗ ಒದ್ದಾಡೋದು ನಿಮ್ಮ ಗೆಸ್ಟು.

ಮೂರ್ನಾಲ್ಕು ಹೆಸರು ಸಿಕ್ಕಿದ ಮೇಲೆ ಆಗೋದಾದ್ರೆ ಅವರು ನೋಡ್ಕೊಳ್ತಿರೋ ಮನೇಲಿ ಒಂದು ರಾತ್ರಿ ದುಡ್ಡು ಕೊಟ್ಟು ಇದ್ದು ನೋಡಿ, ನಾನು ಓನರ್ರು ಅಂತ ಹೇಳೋಕೆ ಹೋಗ್ಬೇಡಿ. ಖರ್ಚು ಅನ್ಸುತ್ತೆ, ಆದ್ರೆ ಫೋನಲ್ಲಿ ಎಷ್ಟು ಮಾತಾಡಿದ್ರೂ ಗೊತ್ತಾಗದ್ದು ಒಂದೇ ರಾತ್ರಿಲಿ ಗೊತ್ತಾಗುತ್ತೆ. ಬಾತ್‌ರೂಮ್ ಜಾಲರಿ ಎತ್ತಿ ನೋಡಿ, ಹಿಂದಿನ ಗೆಸ್ಟ್ ಕೂದಲು ಅಲ್ಲೇ ಸುತ್ಕೊಂಡಿರುತ್ತೆ ಅಥವಾ ಇರಲ್ಲ. ಕೆಟಲ್ ಒಳಗೆ, ಮಂಚದ ಕೆಳಗೆ, ಟಿವಿ ರಿಮೋಟ್‌ನ ಬಟನ್‌ಗಳ ಮಧ್ಯೆ, ಬಾಗಿಲ ಹಿಂದೆ. ದಿಂಬಿನ ಕವರ್ ತೆಗೆದು ಒಳಗಿನ ದಿಂಬು ಯಾವ ಬಣ್ಣಕ್ಕೆ ತಿರುಗಿದೆ ನೋಡಿ. ರಾತ್ರಿ ಹತ್ತರ ಮೇಲೆ "ವೈಫೈ ಬರ್ತಿಲ್ಲ" ಅಂತ ಒಂದು ಮೆಸೇಜ್ ಹಾಕಿ (ವೈಫೈ ಚೆನ್ನಾಗೇ ಇದ್ರೆ ಪಾಸ್‌ವರ್ಡ್ ಮತ್ತೊಮ್ಮೆ ಕೇಳಿ, ಸುಳ್ಳು ಹೇಳೋದ್ಯಾಕೆ), ಎಷ್ಟೊತ್ತಿಗೆ ಉತ್ತರ ಬಂತು, ಬಂದಿದ್ದು ಮನುಷ್ಯರು ಬರೆದಿದ್ದಾ ಅಥವಾ ಆಟೋ ರಿಪ್ಲೈ ಆ ಅಂತ ನೋಡ್ಕೊಳ್ಳಿ.

ಆಮೇಲೆ ಮಾತುಕತೆ. ಅವರನ್ನ ಕೇಳಿ: ನೀವು ಎಲ್ಲಿರ್ತೀರಿ, ಮನೆಗೆ ಬರೋಕೆ ಎಷ್ಟು ನಿಮಿಷ ಬೇಕು, ರಾತ್ರಿ ಫೋನ್ ಎತ್ತೋರು ಯಾರು, ನೀವು ಊರಲ್ಲಿ ಇಲ್ದೆ ಇದ್ರೆ ಯಾರು, ಈಗ ಎಷ್ಟು ಮನೆ ನೋಡ್ಕೊಳ್ತಿದೀರಿ, ಎಷ್ಟು ಜನ ಇದೀರಿ. ಇಷ್ಟಂತೂ ಎಲ್ರೂ ಕೇಳ್ತಾರೆ. ಕ್ಲೀನಿಂಗ್ ಬಗ್ಗೆ ಮಾತ್ರ ಇನ್ನೂ ಆಳಕ್ಕೆ ಇಳೀರಿ. ಚೆಕ್ಔಟ್ ಹನ್ನೊಂದಕ್ಕೆ, ಮುಂದಿನ ಚೆಕ್-ಇನ್ ಮೂರಕ್ಕೆ ಅಂದ್ರೆ ಮಧ್ಯೆ ಇರೋದು ನಾಲ್ಕೇ ಗಂಟೆ, ಆ ಸಮಯದಲ್ಲಿ ಬೆಡ್‌ಶೀಟ್ ಒಗೆದು ಒಣಗಿಸಿ ಹಾಕೋದು ಆಗದ ಮಾತು. ಹಾಗಾಗಿ ಪ್ರತಿ ಮಂಚಕ್ಕೆ ಮೂರು ಸೆಟ್ ಇರ್ಬೇಕು, ಒಂದು ಮಂಚದ ಮೇಲೆ, ಒಂದು ಒಗೆಯೋಕೆ ಹೋಗಿರೋದು, ಒಂದು ಬೀರುವಲ್ಲಿ. ಈ ಲೆಕ್ಕ ಅವರ ಬಾಯಿಂದಲೇ ಬರುತ್ತಾ ನೋಡಿ. ಒಂದೇ ದಿನ ಐದು ಮನೇಲಿ ಚೆಕ್ಔಟ್ ಆದ್ರೆ ಏನ್ಮಾಡ್ತೀರಿ, ಕ್ಲೀನ್ ಮಾಡೋರಿಗೆ ಜ್ವರ ಬಂದ್ರೆ ಯಾರು ಬರ್ತಾರೆ ಅಂತಲೂ ಕೇಳಿ. ಪ್ರತಿ ಕ್ಲೀನಿಂಗ್ ಆದ್ಮೇಲೆ ಫೋಟೋ ಕಳಿಸೋ ಪದ್ಧತಿ ಇಲ್ಲದವರ ಹತ್ರ ಹೋಗ್ಬೇಡಿ, ಇದಕ್ಕೆ ಗಟ್ಟಿ ಕಾರಣ ಇದೆ: ಗೆಸ್ಟ್ ಏನಾದ್ರೂ ಒಡೆದು ಹಾಕಿದ್ರೆ ಏರ್‌ಬಿಎನ್‌ಬಿಲಿ ಚೆಕ್ಔಟ್ ಆಗಿ 14 ದಿನದೊಳಗೆ ಕ್ಲೇಮ್ ಹಾಕ್ಬೇಕು, ಮುಂಚೆ ಹೇಗಿತ್ತು ಆಮೇಲೆ ಹೇಗಾಯ್ತು ಅನ್ನೋದಕ್ಕೆ ಫೋಟೋ ಇಲ್ದಿದ್ರೆ ಯಾವ ಗೆಸ್ಟ್ ಒಡೆದಿದ್ದು ಅಂತ ಸಾಬೀತು ಮಾಡೋದೇ ಕಷ್ಟ.

ಬೇರೆ ಬೇರೆ ಆ್ಯಪ್‌ನಲ್ಲಿ ಮನೆ ಹಾಕ್ತಾರಾದ್ರೆ ಕ್ಯಾಲೆಂಡರ್ ಹೇಗೆ ಸಿಂಕ್ ಮಾಡ್ತಾರೆ ಕೇಳಿ. ಬರೀ ಐಕ್ಯಾಲ್ ಲಿಂಕ್ (ಒಂದು ಆ್ಯಪ್‌ನ ಕ್ಯಾಲೆಂಡರನ್ನ ಇನ್ನೊಂದಕ್ಕೆ ಜೋಡಿಸೋ ಲಿಂಕ್) ಹಾಕಿದ್ರೆ ಒಂದು ಕಡೆ ಆದ ಬುಕಿಂಗ್ ಇನ್ನೊಂದು ಕಡೆ ತಕ್ಷಣ ಕಾಣಿಸಲ್ಲ, ಆ ಗ್ಯಾಪ್‌ನಲ್ಲೇ ಡಬಲ್ ಬುಕಿಂಗ್ ಆಗೋದು. ಎಲ್ಲಾ ಆ್ಯಪ್‌ಗಳ ಬುಕಿಂಗನ್ನ ಒಂದೇ ಕಡೆಯಿಂದ ನೋಡ್ಕೊಳ್ಳೋ ಚಾನೆಲ್ ಮ್ಯಾನೇಜರ್ ಸಾಫ್ಟ್‌ವೇರ್ ಇದ್ರೆ ಈ ತಲೆನೋವು ತುಂಬಾ ಕಮ್ಮಿ.

ದುಡ್ಡಿನ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಎಲ್ರೂ ಪರ್ಸೆಂಟ್ ಹೇಳ್ತಾರೆ, ಯಾವುದರ ಮೇಲೆ ಪರ್ಸೆಂಟ್ ಅಂತ ಹೇಳಲ್ಲ. ರೂಮಿನ ಬಾಡಿಗೆ 100, ಕ್ಲೀನಿಂಗ್ ಫೀ 20, ಒಟ್ಟು 120 ಅಂದ್ಕೊಳ್ಳಿ. ಇಂಥ ಸಾಫ್ಟ್‌ವೇರ್ ಮೂಲಕ ಕನೆಕ್ಟ್ ಆಗಿರೋ ಹೋಸ್ಟ್‌ಗಳಿಗೆ ಏರ್‌ಬಿಎನ್‌ಬಿ 2025ರ ಅಕ್ಟೋಬರ್ ಕೊನೆಯಿಂದ ಹೆಚ್ಚಿನ ಕಡೆ 15.5% ಮುರ್ಕೊಳ್ಳುತ್ತೆ, ಅಂದ್ರೆ 18.60 ಅಲ್ಲೇ ಹೋಯ್ತು. ಮ್ಯಾನೇಜರ್ ಕಮಿಷನ್ 20%. ಅದನ್ನ ಪೂರ್ತಿ 120ರ ಮೇಲೆ ಹಾಕಿದ್ರೆ 24. ಬರೀ ರೂಮ್ ಬಾಡಿಗೆ ಮೇಲೆ ಹಾಕಿದ್ರೆ 20. ಆ್ಯಪ್ ಫೀ, ಕ್ಲೀನಿಂಗ್ ಎರಡೂ ಕಳೆದು ಉಳಿಯೋ 81.40ರ ಮೇಲೆ ಹಾಕಿದ್ರೆ 16.28. ಮೂರೂ ಕಡೆ ಬಾಯಲ್ಲಿ ಹೇಳೋದು "ನಮ್ದು ಇಪ್ಪತ್ತು ಪರ್ಸೆಂಟ್" ಅಂತಾನೇ! ಹೀಗಾಗಿ 25% ಅನ್ನೋರು ಒಂದೊಂದ್ಸಲ 20% ಅನ್ನೋರಿಗಿಂತ ಅಗ್ಗ ಆಗ್ತಾರೆ. ಇನ್ನೊಂದು ಗಮನಿಸಿ, ನೀವೇ ನಡೆಸ್ತಿದ್ದಾಗ ಹೋಸ್ಟ್ ಫೀ ಬರೀ 3% ಹೋಗ್ತಿದ್ರೆ, ಮ್ಯಾನೇಜರ್ ತಮ್ಮ ಸಾಫ್ಟ್‌ವೇರ್‌ಗೆ ಕನೆಕ್ಟ್ ಮಾಡಿದ ತಕ್ಷಣ ಆ 15.5% ಲೆಕ್ಕಕ್ಕೆ ಬಂದುಬಿಡುತ್ತೆ. ಗೆಸ್ಟ್ ಕಡೆಯಿಂದ ತಗೋತಿದ್ದ ಫೀ ಆಗ ಇರಲ್ಲ ನಿಜ, ಆದ್ರೆ ಅದಕ್ಕೆ ತಕ್ಕಂತೆ ರೇಟ್ ಏರಿಸಿಲ್ಲ ಅಂದ್ರೆ ಅಷ್ಟೂ ನಿಮ್ಮ ಜೇಬಿಂದ ಹೋಗೋದು.

ಕಮಿಷನ್ ಹೊರಗೆ ಏನೇನು ಬಿಲ್ ಮಾಡ್ತಾರೆ ಅನ್ನೋದನ್ನ ಬರೆದು ಕೊಡಿ ಅನ್ನಿ. ಶುರುಲಿ ಸೆಟಪ್ ಫೀ, ಫೋಟೋಗ್ರಫಿ, ಸೋಪು ಶಾಂಪೂ ಟಿಶ್ಯೂ, ಲಾಂಡ್ರಿ, ರಿಪೇರಿ ಬಿಲ್ ಮೇಲೆ ಅವರ ಮಾರ್ಜಿನ್. ರಿಪೇರಿಗೆ ಒಂದು ಮಿತಿ ಇಡಿ, ಇಷ್ಟರವರೆಗೆ ನನ್ನ ಕೇಳ್ದೆ ಮಾಡ್ಸಿ, ಅದ್ರ ಮೇಲಾದ್ರೆ ಫೋನ್ ಮಾಡಿ ಅಂತ. ಮಿತಿ ತೀರಾ ಕಮ್ಮಿ ಇಟ್ರೆ ಒಂದು ನಲ್ಲಿ ಬದಲಾಯಿಸೋಕೂ ನಿಮ್ಮ ಫೋನ್‌ಗೆ ಕಾಯ್ತಾ ಕೂರ್ತಾರೆ.

"ವರ್ಷಕ್ಕೆ ಇಷ್ಟು ಗ್ಯಾರಂಟಿ ಬರುತ್ತೆ" ಅಂತ ಚಂದದ ಗ್ರಾಫ್ ತೋರಿಸೋದು ಮೂಗಿಗೆ ತುಪ್ಪ ಸವರೋ ಕೆಲಸ. ಅದರ ಬದ್ಲು ನಿಮ್ಮ ಮನೆ ಥರದ್ದೇ ಇನ್ನೊಂದು ಮನೆಯ ಹನ್ನೆರಡು ತಿಂಗಳ ಓನರ್ ಸ್ಟೇಟ್‌ಮೆಂಟ್ ಕೇಳಿ, ಹೆಸರು ವಿಳಾಸ ಮುಚ್ಚಿ ಕೊಟ್ರೂ ಪರವಾಗಿಲ್ಲ, ಆಫ್ ಸೀಸನ್ ತಿಂಗಳುಗಳು ಅದ್ರಲ್ಲಿ ಇರ್ಲೇಬೇಕು. ಆಕ್ಯುಪೆನ್ಸಿ, ಅಂದ್ರೆ ಎಷ್ಟು ರಾತ್ರಿ ಬುಕ್ ಆಗಿತ್ತು ಅನ್ನೋದು, ಅದೊಂದನ್ನೇ ನೋಡಿ ಖುಷಿ ಪಡ್ಬೇಡಿ, ರೇಟ್ ಇಳಿಸ್ತಾ ಹೋದ್ರೆ ಯಾರು ಬೇಕಾದ್ರೂ ಕ್ಯಾಲೆಂಡರ್ ತುಂಬಿಸಬಹುದು, ಮನೆ ಸವೆಯುತ್ತೆ ದುಡ್ಡು ಬರಲ್ಲ. ಪ್ರೈಸ್‌ಲ್ಯಾಬ್ಸ್ ಥರದ ಟೂಲ್ ಬಳಸಿ ದಿನಾ ರೇಟ್ ಬದಲಾಯಿಸೋದು ಒಳ್ಳೇದೇ, ಆದ್ರೆ ಕನಿಷ್ಠ ರೇಟ್ ಎಷ್ಟು ಅನ್ನೋದು ನಿಮ್ಮ ಕೈಲಿರ್ಲಿ.

ಇನ್ನು ಲಿಸ್ಟಿಂಗ್ ಯಾರ ಅಕೌಂಟ್‌ನಲ್ಲಿ ಇರುತ್ತೆ? ಇದನ್ನ ಎಷ್ಟೋ ಜನ ಕೇಳೋದೇ ಇಲ್ಲ. ಕಂಪನಿ ಅಕೌಂಟ್‌ನಲ್ಲಿ ಹಾಕಿದ್ರೆ ರಿವ್ಯೂಗಳೆಲ್ಲ ಅವರ ಅಕೌಂಟ್‌ಗೇ ಅಂಟ್ಕೊಂಡಿರುತ್ತೆ, ನೀವು ಬಿಟ್ಟು ಬಂದ ದಿನ ಸೊನ್ನೆಯಿಂದ ಶುರು, ಅಂದ್ರೆ ಜುಟ್ಟು ಅವರ ಕೈಗೆ ಕೊಟ್ಟ ಹಾಗೆ. ಅಕೌಂಟ್ ನಿಮ್ಮ ಹೆಸರಲ್ಲೇ ಇಟ್ಕೊಂಡು ಅವರನ್ನ ಕೋ-ಹೋಸ್ಟ್ ಆಗಿ ಸೇರಿಸಿ. ಏರ್‌ಬಿಎನ್‌ಬಿಲಿ ಫುಲ್ ಆ್ಯಕ್ಸೆಸ್ ಕೊಡಬಹುದು, ಕ್ಯಾಲೆಂಡರ್ ಮತ್ತು ಮೆಸೇಜ್‌ವರೆಗೆ ಮಾತ್ರ ಕೊಡಬಹುದು, ಬರೀ ಕ್ಯಾಲೆಂಡರ್ ತೋರಿಸಬಹುದು. ದುಡ್ಡು ಮೊದ್ಲು ನಿಮ್ಮ ಅಕೌಂಟ್‌ಗೆ ಬಂದು ಅವರ ಪಾಲು ಅವರಿಗೆ ಹೋಗೋ ಥರ ಇರ್ಲಿ, ಉಲ್ಟಾ ಅಲ್ಲ. ದೊಡ್ಡ ಕಂಪನಿಗಳು ಕೆಲವು ಇದಕ್ಕೆ ಒಪ್ಪಲ್ಲ, ಅವರ ಸಿಸ್ಟಮ್ ಇರೋದೇ ಹಾಗೆ. ಒಪ್ಪದೆ ಇದ್ರೂ ಬೇರೆಲ್ಲ ಚೆನ್ನಾಗಿದ್ರೆ ತಗೊಳ್ಳಿ, ಆದ್ರೆ ಕನಿಷ್ಠ ಫೋಟೋಗಳು ನಿಮ್ಮದು ಅಂತ ಬರೆಸ್ಕೊಳ್ಳಿ.

ಅಗ್ರಿಮೆಂಟ್ ಓದೋವಾಗ ಕೊನೆಯಿಂದ ಶುರು ಮಾಡಿ, ಅಂದ್ರೆ ಬಿಟ್ಟು ಹೋಗೋ ಷರತ್ತುಗಳಿಂದ. ನೋಟಿಸ್ ಎಷ್ಟು ದಿನ, ಮಧ್ಯದಲ್ಲಿ ಬಿಟ್ರೆ ದಂಡ ಇದೆಯಾ, ಆಗ್ಲೇ ಆಗಿರೋ ಮುಂದಿನ ತಿಂಗಳ ಬುಕಿಂಗ್‌ಗಳು ಯಾರದ್ದು. ವರ್ಷದ ಲಾಕ್-ಇನ್ (ಅಲ್ಲಿವರೆಗೆ ಬಿಡೋ ಹಾಗಿಲ್ಲ ಅನ್ನೋ ಷರತ್ತು) ಇದೆ ಅಂದ್ರೆ ಮೊದಲ ಮೂರು ತಿಂಗಳು ಟ್ರಯಲ್ ಕೇಳಿ. ಅಡ್ವಾನ್ಸ್ ಬುಕಿಂಗ್ ಇಲ್ಲದ ದಿನಗಳಲ್ಲಿ ನೀವೇ ಬಂದು ಇರೋಕೆ ಎಷ್ಟು ದಿನ ಬಿಟ್ಕೊಡ್ತಾರೆ, ಅದಕ್ಕೂ ಚಾರ್ಜ್ ಮಾಡ್ತಾರಾ (ಕೆಲವರು ಮಾಡ್ತಾರೆ ಸ್ವಾಮಿ, ನಮ್ಮ ಮನೇಲಿ ನಾವಿರೋಕೆ). "ಸೇಫ್ಟಿಗೆ ಹಾಲ್‌ನಲ್ಲಿ ಒಂದು ಕ್ಯಾಮೆರಾ ಹಾಕೋಣ" ಅನ್ನೋರು ಸಿಕ್ಕಿದ್ರೆ ಅವರಿಗೆ ರೂಲ್ಸ್ ಗೊತ್ತಿಲ್ಲ ಅಂತಲೇ ಲೆಕ್ಕ, 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿಲಿ ಮನೆ ಒಳಗೆ ಕ್ಯಾಮೆರಾನೇ ಇಡೋ ಹಾಗಿಲ್ಲ.

ಎಲ್ಲಾ ಒಪ್ಪಿಗೆ ಆದ್ಮೇಲೆ ಕೀ ಕೊಡೋ ದಿನ ಆಗೋದಾದ್ರೆ ನೀವೇ ಹೋಗಿ. ಪ್ರತಿ ರೂಮಿನ ವಿಡಿಯೋ ಮಾಡ್ಕೊಳ್ಳಿ, ಬೀರು ಡ್ರಾಯರ್ ಎಲ್ಲ ತೆಗೆದು, ಮೀಟರ್ ರೀಡಿಂಗ್ ಸಮೇತ. ಮೇನ್ ವಾಲ್ವ್ ಎಲ್ಲಿದೆ, ಟ್ರಿಪ್ ಆದ್ರೆ ಯಾವ ಸ್ವಿಚ್, ರೌಟರ್ ರೀಸೆಟ್ ಹೇಗೆ ಅಂತ ತೋರಿಸಿ. ಸ್ಮಾರ್ಟ್ ಲಾಕ್ ಇದ್ರೆ ಅಡ್ಮಿನ್ ಅಕೌಂಟ್ ನಿಮ್ಮ ಹತ್ರ ಇಟ್ಕೊಂಡು ಅವರಿಗೆ ಬೇರೆ ಕೋಡ್ ಮಾಡಿಕೊಡಿ, ಬ್ಯಾಟರಿ ಬದಲಾಯಿಸೋ ಜವಾಬ್ದಾರಿ ಯಾರದ್ದು ಅಂತ ಅವತ್ತೇ ತೀರ್ಮಾನ ಮಾಡಿ, ಒಂದು ಸ್ಪೇರ್ ಕೀ ಪಕ್ಕದ ಮನೆಯವರ ಹತ್ರ ಇರ್ಲಿ. ಮೊದಲ ಎರಡು ತಿಂಗಳು ಸ್ಟೇಟ್‌ಮೆಂಟ್‌ನ ಪ್ರತಿ ಸಾಲನ್ನೂ ಆ್ಯಪ್‌ನಲ್ಲಿರೋ ಬುಕಿಂಗ್ ಜೊತೆ ತಾಳೆ ನೋಡಿ, ಕ್ಲೀನಿಂಗ್ ಎಷ್ಟು ಸಲ ಬಿಲ್ ಆಗಿದೆ ಅನ್ನೋದನ್ನ ಚೆಕ್ಔಟ್‌ಗಳ ಜೊತೆ ಎಣಿಸಿ. ಎರಡೂ ಸರಿ ಹೊಂದ್ತಿದ್ರೆ ಆಮೇಲಿಂದ ತಿಂಗಳಿಗೊಂದು ಸಲ ಕಣ್ಣಾಡಿಸಿದ್ರೆ ಸಾಕು.