ಫಾಸ್ಫೇಟ್ ಬಫರ್ ಕೆಡಿಸಿದ ಒಂದು ವಾರ

ಮಳೆಗಾಲದಲ್ಲಿ ಗಾಜನೂರು ಡ್ಯಾಮ್ ತುಂಬಿದರೆ ಗೇಟ್ ಎತ್ತಲು ಜನ ಇರುತ್ತಾರೆ. ಬ್ಯಾಕ್ಟೀರಿಯಾಕ್ಕೆ ಆ ಭಾಗ್ಯ ಇಲ್ಲ. ಉಪ್ಪುನೀರಲ್ಲಿದ್ದ ಇ. ಕೋಲಿ ಸಿಹಿನೀರಿಗೆ ಬಿದ್ದರೆ ನೀರು ಒಳಗೆ ನುಗ್ಗಿ ಪೊರೆ ಬಿಗಿಯುತ್ತದೆ. ಆ ಬಿಗಿತವೇ ಪೊರೆಯಲ್ಲಿರುವ ಚಾನೆಲ್‌ಗಳನ್ನು, ಅಂದರೆ ಪ್ರೋಟೀನಿನ ಸಣ್ಣ ಬಾಗಿಲುಗಳನ್ನು, ತೆರೆಯುತ್ತದೆ. ಮೊದಲು ತೆರೆಯುವುದು ಎಂಎಸ್‌ಸಿಎಸ್ ಎಂಬ ಚಿಕ್ಕ ಚಾನೆಲ್. ಹೆಚ್ಚುಕಮ್ಮಿ ಅದರ ಎರಡು ಪಟ್ಟು ಬಿಗಿತಕ್ಕೆ, ಪೊರೆ ಇನ್ನೇನು ಹರಿಯಬೇಕು ಅನ್ನುವಾಗ, ದೊಡ್ಡದಾದ ಎಂಎಸ್‌ಸಿಎಲ್. ಒಳಗಿನ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ.

1987ರಲ್ಲಿ ಇದನ್ನು ಮೊದಲು ನೋಡಿದ್ದು ಒಂದೊಂದು ಚಾನೆಲ್‌ನ ವಿದ್ಯುತ್ತನ್ನು ಅಳೆಯುವ ಪ್ಯಾಚ್ ಕ್ಲಾಂಪ್‌ನಲ್ಲಿ. ಶಿವಮೊಗ್ಗದ ನಮ್ಮ ಕಾಲೇಜಿಗೆ ಅದೆಲ್ಲಿಂದ ಬರಬೇಕು? ಕೆಮಿಸ್ಟ್ರಿಯವರ ಹತ್ತಿರ ಹಳೇ ಫ್ಲೇಮ್ ಫೋಟೋಮೀಟರ್ ಇತ್ತು, ದ್ರಾವಣವನ್ನು ಜ್ವಾಲೆಗೆ ಕೊಟ್ಟು ಬರುವ ಬೆಳಕಿನಿಂದ ಪೊಟ್ಯಾಸಿಯಂ ಅಳೆಯುವ ಯಂತ್ರ. ಕೇಳಿ ತಂದೆ.

ಅರ್ಧ ಮೋಲಾರ್ ಉಪ್ಪು ಹಾಕಿದ ಎಲ್‌ಬಿಯಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಸಾರು) ಇ. ಕೋಲಿ ಬೆಳೆಸಿ, ಅಷ್ಟೇ ಉಪ್ಪಿನ ಬಫರ್‌ನಲ್ಲಿ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ) ಎರಡು ಸಲ ತೊಳೆದೆ. ಎಲ್‌ಬಿಯಲ್ಲೇ ಪೊಟ್ಯಾಸಿಯಂ ಇರುವುದರಿಂದ ತೊಳೆಯದೆ ಗತಿಯಿಲ್ಲ. ಆಮೇಲೆ ಇಪ್ಪತ್ತು ಪಟ್ಟು ಡಿಸ್ಟಿಲ್ಡ್ ವಾಟರ್‌ಗೆ ಸುರಿದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿನೀರನ್ನು ಜ್ವಾಲೆಗೆ ಕೊಟ್ಟೆ. ಮಧ್ಯೆ ಕರೆಂಟ್ ಹೋಗಿ ಒಂದು ಬ್ಯಾಚ್ ಹಾಳಾಯಿತು, ಅದು ಬಿಡಿ. ಸೋಡಿಯಂ ಜಾಸ್ತಿ ಇದ್ದರೆ ಪೊಟ್ಯಾಸಿಯಂ ರೀಡಿಂಗ್ ಸುಮ್ನೆ ಏರುತ್ತದೆ. ಅದಕ್ಕೇ ಎಲ್ಲ ಟ್ಯೂಬ್‌ಗೂ, ಪೊಟ್ಯಾಸಿಯಂ ಎಷ್ಟೆಂದು ಗೊತ್ತಿರುವ ಸ್ಟ್ಯಾಂಡರ್ಡ್‌ಗೂ ಕೊನೆಗೆ ಒಂದೇ ಮಟ್ಟದ ಉಪ್ಪು ಮಾಡಿಕೊಂಡೆ. ಸಿಹಿನೀರಿಗೆ ಸುರಿದ ಟ್ಯೂಬ್, ಹೋಲಿಕೆಗೆ ಉಪ್ಪುನೀರಲ್ಲೇ ಇಟ್ಟ ಟ್ಯೂಬ್‌ಗಿಂತ ಸ್ಪಷ್ಟವಾಗಿ ಮೇಲೆ ನಿಂತಿತು.

ಇನ್ನು ಗ್ಯಾಡೊಲಿನಿಯಂ ಎಂಬ ಲೋಹ. ಇದರ ಅಯಾನು ಕೊಟ್ಟರೆ ಸೋರಿಕೆ ನಿಲ್ಲುತ್ತದೆ ಅಂತ 1992ರಲ್ಲೇ ತೋರಿಸಿದ್ದರು. ನಾನು ಹಾಕಿದರೆ ಏನೂ ಆಗಲಿಲ್ಲ. ಒಂದು ವಾರ ತಲೆ ಕೆರೆದುಕೊಂಡೆ. ಟ್ಯೂಬ್ ಎತ್ತಿ ಕಿಟಕಿಗೆ ಹಿಡಿದಾಗ ಗಂಜಿ ತಿಳಿಯಂಥ ಬಿಳಿ ಮಬ್ಬು. ಸೆಲ್ ಗಂಟುಕಟ್ಟಿವೆ ಅಂದರು ವಿದ್ಯಾರ್ಥಿಗಳು. ಸೆಲ್ ಇಲ್ಲದ ಬರೀ ಬಫರ್‌ಗೆ ಹಾಕಿ ನೋಡಿದೆ, ಅಲ್ಲೂ ಮಬ್ಬು! ಅಭ್ಯಾಸಬಲದಿಂದ ಫಾಸ್ಫೇಟ್ ಬಫರ್ ಮಾಡಿಟ್ಟಿದ್ದೆ. ಗ್ಯಾಡೊಲಿನಿಯಂ ಸಿಕ್ಕಿದ್ದೇ ತಡ, ಫಾಸ್ಫೇಟ್ ಅದನ್ನು ಹಿಡಿದು ತಳಕ್ಕೆ ಇಳಿಸಿಬಿಟ್ಟಿದೆ. ಸೆಲ್ಲಿಗೆ ತಲುಪಲೇ ಇಲ್ಲ.

ಫಾಸ್ಫೇಟ್ ಇಲ್ಲದ ಹೆಪೆಸ್ ಬಫರ್‌ಗೆ ಬದಲಾಯಿಸಿ, ಶಾಕ್‌ಗೆ, ಅಂದರೆ ಸಿಹಿನೀರಿಗೆ ಸುರಿಯುವುದಕ್ಕೆ, ಮೊದಲೇ ಸೆಲ್‌ಗೆ ಗ್ಯಾಡೊಲಿನಿಯಂ ಕೊಟ್ಟೆ. ರೀಡಿಂಗ್ ಇಳಿಯಿತು. ಆದರೆ ಇದು ಚಾನೆಲ್‌ಗೆ ಬಿರಡೆ ಹಾಕಿದಂತೆ ಅಂತ ನಾನು ಹೇಳುವುದಿಲ್ಲ. ಗ್ಯಾಡೊಲಿನಿಯಂ ಪೊರೆಯ ಋಣಾವೇಶದ ಲಿಪಿಡ್‌ಗಳಿಗೆ ಅಂಟಿ ಪೊರೆಯನ್ನೇ ಗಟ್ಟಿ ಮಾಡುತ್ತದೆ. ಯಾವ ಚಾನೆಲ್‌ನ ಪಾಲು ಎಷ್ಟು ಅನ್ನುವುದಕ್ಕೆ ಆ ಜೀನ್ ಇಲ್ಲದ ತಳಿಗಳೇ ಬೇಕು, ಅವು ನಮ್ಮಲ್ಲಿಲ್ಲ.

ಪೊಟ್ಯಾಸಿಯಮ್ಮೂ ತಳಕ್ಕೆ ಹೋಗಿರಬಹುದಲ್ವಾ ಸರ್ ಅಂದಳು ಒಬ್ಬಳು. ಒಳ್ಳೇ ಪ್ರಶ್ನೆ. ಗ್ಯಾಡೊಲಿನಿಯಂ ಟ್ಯೂಬ್‌ಗೆ ಅಳೆದ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಓದಿಸಿದೆವು. ಹಾಕಿದಷ್ಟೂ ಬಂತು, ಅಂದರೆ ಪೊಟ್ಯಾಸಿಯಂ ತಳಕ್ಕೆ ಹೋಗಿರಲಿಲ್ಲ.