ಮನೆಯಲ್ಲಿ ಬರೆದ ಡಿವಿಡಿಯನ್ನು ಕಂಪ್ಯೂಟರ್ ಓದದಿದ್ದರೆ

ಮದುವೆ, ಉಪನಯನ, ನಾಮಕರಣಗಳ ವಿಡಿಯೊವನ್ನು ಡಿವಿಡಿಯಲ್ಲಿ ಬರೆಸಿ ಬೀರುವಿನಲ್ಲಿ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಬಹಳ ಇವೆ. ಇಂದು ಅದನ್ನು ತೆಗೆದು ಕಂಪ್ಯೂಟರಿಗೆ ಹಾಕಿದರೆ ಡ್ರೈವ್ ಒಂದೆರಡು ನಿಮಿಷ ಗುರುಗುಟ್ಟಿ, ಕೊನೆಗೆ ‘ಡಿಸ್ಕ್ ಹಾಕಿ’ ಎನ್ನುತ್ತದೆ. ಆಗ ಕೆಲವರು ಡ್ರೈವ್ ಕೆಟ್ಟಿತೆಂದು ಹೊಸದನ್ನು ಕೊಳ್ಳುತ್ತಾರೆ, ಕೆಲವರು ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತಾರೆ, ಇನ್ನು ಕೆಲವರು ಪರದೆಯ ಮೇಲೆ ಬಂದ ಪ್ರಶ್ನೆಗೆ ಓದದೆಯೇ ‘ಸರಿ’ ಒತ್ತುತ್ತಾರೆ. ಈ ಮೂರನೆಯ ತಪ್ಪಿನಿಂದ ಮನೆಯ ಏಕೈಕ ಮದುವೆ ವಿಡಿಯೊ ಅಳಿಸಿ ಹೋದದ್ದನ್ನು ನಾನೇ ಕಂಡಿರುವುದರಿಂದ, ಏನನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಇಲ್ಲಿ ವಿವರಿಸುತ್ತಿದ್ದೇನೆ.

ಹೆಜ್ಜೆ 1: ಮೂರು ಡಿಸ್ಕ್‌ಗಳ ಪರೀಕ್ಷೆ

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಒಂದು, ಹಾಡಿನ ಸಿ.ಡಿ. ಒಂದು, ಮನೆಯಲ್ಲೇ ಬರೆದ ಬೇರೊಂದು ಡಿವಿಡಿ ಒಂದು, ಹೀಗೆ ಮೂರನ್ನು ಜೋಡಿಸಿಕೊಂಡು ಒಂದೊಂದಾಗಿ ಹಾಕಿ ನೋಡಿ. ಸಿ.ಡಿ. ಓದಲು 780 ನ್ಯಾನೊಮೀಟರ್ ತರಂಗಾಂತರದ ಅವಗೆಂಪು ಲೇಸರ್, ಡಿವಿಡಿ ಓದಲು 650 ನ್ಯಾನೊಮೀಟರಿನ ಕೆಂಪು ಲೇಸರ್ ಬೇಕು. ಆದ್ದರಿಂದ ‘ಸಿ.ಡಿ. ಓಡುತ್ತಿದೆ, ಡ್ರೈವ್ ಸರಿಯಾಗಿದೆ’ ಎಂಬ ತೀರ್ಮಾನಕ್ಕೆ ಆಧಾರವಿಲ್ಲ. ಸಿ.ಡಿ. ಓಡಿ ಯಾವ ಡಿವಿಡಿಯೂ ಓಡದಿದ್ದರೆ ಕೆಂಪು ಲೇಸರ್ ಸೋತಿರುವ ಸಾಧ್ಯತೆಯೇ ಹೆಚ್ಚು. ಅಂಥ ಡ್ರೈವನ್ನು ರಿಪೇರಿ ಮಾಡಿಸುವುದಕ್ಕಿಂತ ಬದಲಿಸುವುದು ಲೇಸು. ಮೂರೂ ಓಡದಿದ್ದರೆ ಕೇಬಲ್ ನೋಡಿ. ಯುಎಸ್‌ಬಿ ಮೂಲಕ ಜೋಡಿಸುವ ತೆಳುವಾದ ಡ್ರೈವ್‌ಗಳಿಗೆ ಒಂದೇ ಪೋರ್ಟಿನ ವಿದ್ಯುತ್ ಸಾಲದೆ ಹೋಗುವುದುಂಟು. ಒಂದು ಪೋರ್ಟನ್ನು ಹಲವಾಗಿಸುವ ಹಬ್ ಬಳಸುತ್ತಿದ್ದರೆ ಅದನ್ನು ತೆಗೆದು ಡ್ರೈವನ್ನು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಸಿಕ್ಕಿಸಿ.

ಸಿನಿಮಾ ಡಿವಿಡಿ ಓಡಿ, ಮನೆಯಲ್ಲಿ ಬರೆದದ್ದು ಮಾತ್ರ ಓಡದಿದ್ದರೆ ನಮ್ಮ ನಿಜವಾದ ಕೆಲಸ ಆಗ ಆರಂಭವಾಗುತ್ತದೆ. ಕಾರ್ಖಾನೆಯ ಡಿಸ್ಕಿನಲ್ಲಿ ಮಾಹಿತಿಯು ಪ್ಲಾಸ್ಟಿಕ್‌ನಲ್ಲೇ ಅಚ್ಚೊತ್ತಿದ ಸೂಕ್ಷ್ಮ ಗುಳಿಗಳ ರೂಪದಲ್ಲಿರುತ್ತದೆ. ನಾವು ಬರೆದ ಡಿಸ್ಕಿನಲ್ಲಿ ಇರುವುದು ಲೇಸರಿನಿಂದ ಸುಟ್ಟ ಬಣ್ಣದ ಪದರ; ಅದರ ಗುರುತುಗಳು ಅಷ್ಟು ಸ್ಪಷ್ಟವಲ್ಲ, ಕಾಲ ಕಳೆದಂತೆ ಮಾಸುತ್ತವೆ ಕೂಡ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕ್ ಇನ್ನೂ ಮಂಕು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 18ರಿಂದ 30ರಷ್ಟನ್ನು ಮಾತ್ರ ಹಿಂತಿರುಗಿಸುತ್ತದೆ. ಲೆನ್ಸಿನ ಮೇಲೆ ತುಸು ದೂಳು ಕುಳಿತರೂ ಮೊದಲು ಕೈಕೊಡುವುದು ಇಂಥ ಡಿಸ್ಕ್‌ಗಳೇ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್‌ಗಳಲ್ಲಿ ‘ಪ್ಲಸ್ ಆರ್’ (ಡಿವಿಡಿ+ಆರ್) ಎಂಬ ಬಗೆ 2002ರಲ್ಲಿ ಬಂದದ್ದು. ಅದಕ್ಕೂ ಹಳೆಯ ಡ್ರೈವ್ ಇದ್ದರೆ ಅದು ಈ ಬಗೆಯನ್ನು ಗುರುತಿಸದಿರಬಹುದು.

ಹೆಜ್ಜೆ 2: ಒರೆಸುವುದು

ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಡಿಸ್ಕಿನ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ; ಸುತ್ತುಸುತ್ತಾಗಿ ಎಂದೂ ಒರೆಸಬೇಡಿ, ಏಕೆಂದರೆ ಬರಹದ ಜಾಡಿನ ಗುಂಟವೇ ಬಿದ್ದ ಗೀರನ್ನು ಡ್ರೈವ್ ಸರಿಪಡಿಸಿಕೊಳ್ಳಲಾರದು. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಕಾಣುವ ಬಿಳಿ ಬೂಷ್ಟು ಸಾಮಾನ್ಯವಾಗಿ ಇಷ್ಟಕ್ಕೇ ಹೋಗುತ್ತದೆ. ಟೂತ್‌ಪೇಸ್ಟ್ ಬೇಡವೇ ಬೇಡ. ಬ್ರಷ್ ಅಂಟಿಸಿದ ‘ಲೆನ್ಸ್ ಕ್ಲೀನರ್’ ಡಿಸ್ಕ್‌ಗಳನ್ನೂ ಕೊಳ್ಳಬೇಡಿ, ಅವು ದೂಳನ್ನು ಅಲ್ಲಿಂದಿಲ್ಲಿಗೆ ಸರಿಸುವುದೇ ಹೆಚ್ಚು. ಲ್ಯಾಪ್‌ಟಾಪಿನ ಡ್ರೈವ್ ತೆರೆದರೆ ಟ್ರೇಯಲ್ಲೇ ಕಾಳುಮೆಣಸಿಗಿಂತ ತುಸು ದೊಡ್ಡದಾದ ಲೆನ್ಸ್ ಕಾಣುತ್ತದೆ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಅದನ್ನು ಹಗುರವಾಗಿ ಮುಟ್ಟಿ ತೆಗೆದರೆ ಸಾಕು. ಡಿಸ್ಕಿನ ಮೇಲೆ ಕಾಗದದ ಸ್ಟಿಕರ್ ಇದ್ದರೆ ಅದನ್ನು ಕೀಳಲು ಹೋಗದೆ, ಕಡಿಮೆ ವೇಗದ ಡ್ರೈವ್ ಹುಡುಕಿ. ವೇಗವಾಗಿ ತಿರುಗುವ ಡಿಸ್ಕ್ ಸ್ಟಿಕರಿನ ಅಸಮ ತೂಕಕ್ಕೇ ಅದುರುತ್ತದೆ.

ಹೆಜ್ಜೆ 3: ‘ಖಾಲಿ’ ಎಂದರೆ ನಂಬಬೇಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಿ. ಕಂಪ್ಯೂಟರ್ ಡಿಸ್ಕನ್ನು ಖಾಲಿ ಎಂದು ತೋರಿಸಿ, ‘ಈ ಡಿಸ್ಕನ್ನು ಹೇಗೆ ಬಳಸಲು ಬಯಸುತ್ತೀರಿ?’ ಎಂಬ ಅರ್ಥದ ಪೆಟ್ಟಿಗೆಯನ್ನು ತೆರೆದರೆ ಮೊದಲು ‘ಕ್ಯಾನ್ಸಲ್’ ಒತ್ತಿ. ಆರ್‌ಡಬ್ಲ್ಯು ಡಿಸ್ಕಿನಲ್ಲಿ ಇಲ್ಲಿ ಒಪ್ಪಿಗೆ ಕೊಟ್ಟರೆ ಹಳೆಯದು ಅಳಿಯುತ್ತದೆ. ಒಮ್ಮೆ ಮಾತ್ರ ಬರೆಯುವ ಡಿಸ್ಕಿನಲ್ಲಿಯೂ ಹೊಸ ಬರಹ ಸೇರಿ ಇದ್ದದ್ದನ್ನು ಮರಳಿ ಪಡೆಯುವ ದಾರಿ ಕಷ್ಟವಾಗಬಹುದು.

ಬಳಿಕ ಡಿಸ್ಕನ್ನು ಹೊರತೆಗೆದು, ವಿಡಿಯೊ ಬರೆದ ಹೊಳೆಯುವ ಮುಖ ಮೇಲೆ ಬರುವಂತೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ. ಬರೆಯದ ಡಿಸ್ಕ್ ಒಳಗಿನಿಂದ ಅಂಚಿನವರೆಗೆ ಒಂದೇ ಬಣ್ಣವಾಗಿರುತ್ತದೆ. ಬರೆದ ಡಿಸ್ಕಿನಲ್ಲಿ ನಡುವಿನ ರಂಧ್ರದ ಸುತ್ತಲಿನಿಂದ ಒಂದು ಗಾಢ ಪಟ್ಟಿ ಹೊರಟು, ಒಂದು ತೆಳುವಾದ ವೃತ್ತದ ಗೆರೆಯಲ್ಲಿ ಕೊನೆಗೊಂಡು, ಅದರಾಚೆ ಬಣ್ಣ ತಿಳಿಯಾಗುತ್ತದೆ; ಡಿಸ್ಕ್ ತುಂಬಿದ್ದರೆ ಪಟ್ಟಿ ಅಂಚಿನವರೆಗೂ ಇರುತ್ತದೆ. ಈ ಪಟ್ಟಿ ಕಂಡರೆ ನಿಮ್ಮ ವಿಡಿಯೊ ಒಳಗೆ ಇದೆ ಎಂದು ಭರವಸೆ ಇಟ್ಟುಕೊಳ್ಳಬಹುದು. ಮತ್ತೆ ಮತ್ತೆ ಬರೆಯುವ ಡಿಸ್ಕಿನಲ್ಲಿ ಮಾತ್ರ ಇದು ಹಳೆಯ ಬರಹದ ಗುರುತೂ ಆಗಿರಬಹುದು.

ಹಾಗಾದರೆ ಕಂಪ್ಯೂಟರ್ ಅದನ್ನು ಏಕೆ ಕಾಣುವುದಿಲ್ಲ? ಬರೆಯುವ ಯಂತ್ರವು ಕೊನೆಯಲ್ಲಿ ಡಿಸ್ಕನ್ನು ‘ಫೈನಲೈಸ್’ ಮಾಡಬೇಕು, ಅಂದರೆ ಒಳಗೇನಿದೆ ಎಂದು ಹೇಳುವ ಆರಂಭದ ಭಾಗವನ್ನೂ ಬರಹ ಇಲ್ಲಿಗೆ ಮುಗಿಯಿತೆಂದು ಹೇಳುವ ಕೊನೆಯ ಭಾಗವನ್ನೂ ಬರೆದು ಮುಚ್ಚಬೇಕು. ಕ್ಯಾಮ್‌ಕಾರ್ಡರಿನಲ್ಲಿ ಅಥವಾ ಟಿ.ವಿ. ಪಕ್ಕದ ಡಿವಿಡಿ ರೆಕಾರ್ಡರಿನಲ್ಲಿ ಇದು ಸಾಮಾನ್ಯವಾಗಿ ತಾನಾಗಿ ಆಗುವುದಿಲ್ಲ, ಮೆನುವಿನಲ್ಲಿ ಆಯ್ದು ಮಾಡಬೇಕು. ಬರೆದ ಯಂತ್ರದಲ್ಲೇ ಡಿಸ್ಕ್ ಚೆನ್ನಾಗಿ ಓಡುತ್ತಿದ್ದುದರಿಂದ ಅನೇಕರಿಗೆ ಇದರ ಅಗತ್ಯವೇ ಹೊಳೆಯಲಿಲ್ಲ.

ಆ ಯಂತ್ರ ಇನ್ನೂ ನಡೆಯುತ್ತಿದ್ದರೆ ಡಿಸ್ಕನ್ನು ಅದಕ್ಕೇ ಹಾಕಿ ಫೈನಲೈಸ್ ಮಾಡಿ. ಕ್ಯಾಮ್‌ಕಾರ್ಡರ್ ಆದರೆ ಬ್ಯಾಟರಿಯನ್ನು ನಂಬದೆ ಅಡಾಪ್ಟರ್ ಚುಚ್ಚಿ, ಕೆಲಸ ಮುಗಿಯುವವರೆಗೆ ಅದನ್ನು ಅಲುಗಾಡಿಸಬೇಡಿ. ನಡುವೆ ವಿದ್ಯುತ್ ಹೋದರೆ ಡಿಸ್ಕ್ ಅರ್ಧಕ್ಕೇ ನಿಂತು ಮತ್ತೆ ತೆರೆಯದೆ ಹೋಗಬಹುದು. ಯಂತ್ರ ಕೆಟ್ಟಿದ್ದರೆ ಅದೇ ಕಂಪನಿಯ ಅದೇ ಮಾದರಿಯದನ್ನು ನೆಂಟರಿಷ್ಟರಲ್ಲಿ ಕೇಳಿ ನೋಡಿ. ಅದೂ ಸಿಗದಿದ್ದರೆ ‘ಐಸೊಬಸ್ಟರ್’ ಎಂಬ ತಂತ್ರಾಂಶವಿದೆ. ಮುಚ್ಚದ ಡಿಸ್ಕ್‌ಗಳಿಂದಲೂ ವಿಡಿಯೊ ಹೊರತೆಗೆಯಲು ಅದು ಹಲವು ಡ್ರೈವ್‌ಗಳಲ್ಲಿ ಶಕ್ತವಾಗಿದೆ. ಕೆಲವು ಸೌಲಭ್ಯಗಳಿಗೆ ಹಣ ಕೊಡಬೇಕು, ಮದುವೆಯ ವಿಡಿಯೊಗಾಗಿ ಕೊಡಬಹುದಾದ ಹಣವೇ ಅದು.

ಕ್ಯಾಮ್‌ಕಾರ್ಡರಿನ 8 ಸೆಂಟಿಮೀಟರಿನ ಪುಟ್ಟ ಡಿಸ್ಕನ್ನು ಟ್ರೇಯ ಒಳಗಿನ ಸಣ್ಣ ಗುಳಿಯಲ್ಲಿಯೇ ಕೂರಿಸಬೇಕು. ಟ್ರೇ ಇಲ್ಲದೆ ಸೀಳಿನ ಮೂಲಕ ಡಿಸ್ಕ್ ಎಳೆದುಕೊಳ್ಳುವ ಡ್ರೈವಿಗೆ ಅದನ್ನು ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಹೆಜ್ಜೆ 4: ಫೋಲ್ಡರ್ ಕಂಡೂ ಓಡದಿದ್ದರೆ

ಇದು ಡ್ರೈವಿನ ದೋಷವಲ್ಲ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ವಿಡಿಯೊ ಓಡಿಸುವ ಸೌಲಭ್ಯ ಜೊತೆಯಲ್ಲಿ ಬರುವುದಿಲ್ಲ, ವಿಎಲ್‌ಸಿ ಎಂಬ ಉಚಿತ ವಿಡಿಯೊ ತಂತ್ರಾಂಶ ಹಾಕಿಕೊಳ್ಳಿ. ಡಿಸ್ಕಿನಲ್ಲಿ ‘ವಿಡಿಯೊ ಟಿಎಸ್’ ಬದಲು ‘ಡಿವಿಡಿ ಆರ್‌ಟಿಎವಿ’ ಎಂಬ ಫೋಲ್ಡರ್ ಕಂಡರೆ ಅದು ರೆಕಾರ್ಡರಿನ ವಿ.ಆರ್. (ವಿಡಿಯೊ ರೆಕಾರ್ಡಿಂಗ್) ವಿಧಾನದಲ್ಲಿ ಬರೆದದ್ದು, ಅದರೊಳಗಿನ ‘ವಿಆರ್‌ಒ’ ಫೈಲನ್ನು ವಿಎಲ್‌ಸಿಯಲ್ಲೇ ತೆರೆಯಬಹುದು.

ಹೆಜ್ಜೆ 5: ಅರ್ಧ ಓದಿ ನಿಲ್ಲುವ ಡಿಸ್ಕ್

ಮಾಮೂಲಿ ಕಾಪಿ–ಪೇಸ್ಟ್‌ನಲ್ಲಿ ಒಂದೇ ಒಂದು ಕೆಟ್ಟ ಜಾಗ ಸಿಕ್ಕರೂ 1 ಜಿಬಿಯ ಇಡೀ ಫೈಲಿನ ಕಾಪಿ ನಿಂತುಹೋಗುತ್ತದೆ. ಹತ್ತು ಬಾರಿ ಮತ್ತೆ ಪ್ರಯತ್ನಿಸಿದರೆ ಡ್ರೈವ್ ಸವೆಯುತ್ತದೆಯೇ ಹೊರತು ಫೈಲು ಸಿಗುವುದಿಲ್ಲ. ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್‌ನಲ್ಲಿ ದೊರೆಯುವ ‘ಡಿಡಿರೆಸ್ಕ್ಯೂ’ ಇದಕ್ಕೆ ತಕ್ಕ ಉಪಕರಣ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ನಡೆಸಿ ಇದನ್ನು ಬಳಸಬಹುದು. ಅದು ಮೊದಲು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಎತ್ತಿಕೊಂಡು, ಸಿಗದ ಜಾಗಗಳನ್ನು ಒಂದು ನಕ್ಷೆಯ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಬಳಿಕ ಅದೇ ಡಿಸ್ಕನ್ನು ಸ್ನೇಹಿತರ ಬೇರೊಂದು ಡ್ರೈವಿಗೆ ಹಾಕಿ ಅದೇ ನಕ್ಷೆಯೊಂದಿಗೆ ಮುಂದುವರಿಸಿದರೆ, ಉಳಿದ ತೂತುಗಳನ್ನಷ್ಟೇ ತುಂಬುತ್ತ ಹೋಗುತ್ತದೆ. ಒಂದು ಡ್ರೈವ್ ಓದಲಾಗದ ಜಾಗವನ್ನು ಇನ್ನೊಂದು ಓದುವುದು ತೀರ ಸಾಮಾನ್ಯವಾದ್ದರಿಂದ, ಎರಡು ಮೂರು ಡ್ರೈವ್‌ಗಳನ್ನು ಹೀಗೆ ಬಳಸಿ ಪೂರ್ತಿ ಮರಳಿ ಪಡೆದ ಡಿಸ್ಕ್‌ಗಳು ನನ್ನಲ್ಲಿವೆ. ಕೊನೆಗೂ ಉಳಿಯುವ ತೂತುಗಳು ಸಾಮಾನ್ಯವಾಗಿ ಚಿಕ್ಕವೇ. ಅಂಥವು ಬೆರಳೆಣಿಕೆಯಷ್ಟಿದ್ದರೆ ಧಾರೆಯ ದೃಶ್ಯದಲ್ಲಿ ಒಂದು ಕ್ಷಣ ಚೌಕಳಿಗಳು ಮೂಡಿ ಮಾಯವಾಗುತ್ತವೆ, ಅಷ್ಟೇ.

ಕಾಪಿ ಸಿಕ್ಕ ದಿನವೇ ಅದನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ಹಾಕಿ. ಮತ್ತೆ ಡಿವಿಡಿಯಲ್ಲೇ ಬರೆಯಬೇಕಾದರೆ 4 ಅಥವಾ 8 ಎಕ್ಸ್ ವೇಗ ಇಟ್ಟು, ಫೈನಲೈಸ್ ಮತ್ತು ವೆರಿಫೈ (ಬರೆದದ್ದನ್ನು ಓದಿ ಸರಿನೋಡುವುದು) ಎರಡಕ್ಕೂ ಗುರುತು ಹಾಕಿ. ಮೂಲ ಡಿಸ್ಕನ್ನು ಬಿಸಾಡದೆ ಗಟ್ಟಿ ಡಬ್ಬಿಯಲ್ಲಿ, ಬಿಸಿಲು ತಾಗದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಇಂದು ಬಿಟ್ಟುಹೋದ ತೂತುಗಳನ್ನು ಮುಂದೊಮ್ಮೆ ಸಿಗುವ ಇನ್ನೊಂದು ಡ್ರೈವ್ ಓದಬಹುದಾದ್ದರಿಂದ, ಆ ನಕ್ಷೆಯ ಫೈಲನ್ನೂ ಕಾಪಿಯ ಜೊತೆಗೇ ಇಟ್ಟುಕೊಂಡಿರಿ.