ಫ್ರೈಯಬಲ್ ಅಂದರೆ ಕರಿಯುವುದಲ್ಲ

ಗೋವಾದ ವೆರ್ಣಾದಲ್ಲಿ ಗುಳಿಗೆ ತಯಾರಿಸುವ ಕಾರ್ಖಾನೆಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ವಿಭಾಗದಲ್ಲಿ ನನ್ನ ಕೆಲಸ. ಬೆಳಗಾವಿ, ಧಾರವಾಡದ ಕಡೆಯಿಂದ ಬಿ.ಎಸ್ಸಿ. ಮುಗಿಸಿ ಬರುವವರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೇ. ಅವರು ತಡವರಿಸುವ ಪದ ‘ಫ್ರೈಯಬಲ್’ (friable). “ಮೇಡಂ, ಗುಳಿಗಿ ಕರದ್ ನೋಡ್ತಾರೇನ್ರೀ?” ಅಂತ ಗೋಕಾಕದ ಹುಡುಗಿಯೊಬ್ಬಳು ಕೇಳಿದ್ದಳು. ಕೇಳಿದ್ದು ಒಳ್ಳೆಯದೇ ಆಯಿತು, ಉಳಿದವರು ಬಾಯಿ ಬಿಟ್ಟಿರಲಿಲ್ಲ.

ಬಾಣಲೆಗೂ ಇದಕ್ಕೂ ನಂಟಿಲ್ಲ. ಪುಡಿಮಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ. ಹಾಗಂತ ಹೇಳಿದರೆ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೇ. ಅದಕ್ಕೇ ನಾನು ನೇರ, ಗುಳಿಗೆ ಎಷ್ಟು ಸವೆಯುತ್ತದೆಂದು ತಿರುಗಿಸಿ ನೋಡುವ ಡ್ರಮ್ಮಿನ ಮುಂದೆ ನಿಲ್ಲಿಸುತ್ತೇನೆ.

500 ಮಿ.ಗ್ರಾಂ ತೂಕದ, ಕೋಟಿಂಗ್ ಇಲ್ಲದ ಗುಳಿಗೆಯಾದರೆ 13 ತೆಗೆದುಕೊಳ್ಳಬೇಕು, ಒಟ್ಟು 6.5 ಗ್ರಾಂ. ಮೇಲಿನ ಧೂಳು ಬ್ರಷ್‌ನಿಂದ ತೆಗೆದು ತೂಗಿ, ಡ್ರಮ್ಮಿಗೆ ಹಾಕುವುದು. ನಿಮಿಷಕ್ಕೆ 25 ಸುತ್ತಿನಂತೆ 4 ನಿಮಿಷ. ಒಳಗಿನ ಬಾಗಿದ ಪಟ್ಟಿ ಪ್ರತಿ ಸುತ್ತಿಗೂ ಗುಳಿಗೆಗಳನ್ನು ಎತ್ತಿ ಕೆಡವುತ್ತದೆ. ಆಮೇಲೆ ಮತ್ತೆ ಧೂಳು ಒರೆಸಿ ತೂಗಿದಾಗ 6.461 ಬಂತೆನ್ನಿ, ಶೇ. 0.6 ಸವೆದಿದೆ. ಸಾಮಾನ್ಯ ಮಿತಿ ಶೇ. 1. ಒಂದೇ ಒಂದು ಗುಳಿಗೆ ಸೀಳಿದ್ದರೂ ತೂಕದ ಲೆಕ್ಕ ಬೇಡ, ಸ್ಯಾಂಪಲ್ ಫೇಲ್.

ಡ್ರಮ್ಮಿನ ತಳದಲ್ಲಿ ಕೂತ ಬಿಳಿ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡರೆ ಅರ್ಥ ಸಿಕ್ಕ ಹಾಗೆ. ಬ್ರಿಟಲ್ ಅಂದರೆ ಬಾಗದೆ ಫಟ್ಟನೆ ಒಡೆಯುವುದು, ಗಾಜಿನ ಬಳೆಯಂತೆ. ಫ್ರೈಯಬಲ್ ಹಾಗಲ್ಲ, ಉಜ್ಜಿದರೆ, ಸ್ವಲ್ಪ ಒತ್ತಿದರೆ ಉದುರಿ ಪುಡಿಯಾಗುವುದು. ಪುಡಿಯನ್ನು ಹಿಡಿದಿಡುವ ಅಂಟು, ಅಂದರೆ ಬೈಂಡರ್, ಕಡಿಮೆಯಾದರೂ, ಮಷೀನಿನ ಒತ್ತಡ ಸಾಲದಿದ್ದರೂ, ಗುಳಿಗೆಯಾಗಿ ಒತ್ತುವ ಮುಂಚಿನ ಹರಳು ತೀರಾ ಒಣಗಿದ್ದರೂ ಗುಳಿಗೆ ಹೀಗಾಗುತ್ತದೆ.

ತಮಾಷೆಯೆಂದರೆ, ನಮ್ಮಲ್ಲಿ ದೋಷವೆನಿಸುವ ಮಾತು ಹೊಲದಲ್ಲಿ ಹೊಗಳಿಕೆ. ‘ಫ್ರೈಯಬಲ್ ಸಾಯಿಲ್’ ಅಂದರೆ ಹದಕ್ಕೆ ಬಂದ ಮಣ್ಣು: ಹಸಿ ಇದ್ದಾಗ ಹಿಡಿದರೆ ಉಂಡೆ, ಹೆಬ್ಬೆರಳು ಒತ್ತಿದರೆ ಹುಡಿ. ಡಾಕ್ಟರ್ ರಿಪೋರ್ಟಿನಲ್ಲಿ ‘ಫ್ರೈಯಬಲ್ ಟಿಶ್ಯೂ’ ಎಂದಿದ್ದರೆ ಮುಟ್ಟಿದರೇ ಹರಿದು ರಕ್ತ ಒಸರುವ ಅಂಗಾಂಶ; ಅಲ್ಲಿ ಪುಡಿಯ ಮಾತಿಲ್ಲ. ಹಳೇ ಕಟ್ಟಡದ ಆಸ್ಬೆಸ್ಟಸ್‌ಗೆ ಹೇಳಿದರಂತೂ ಎಚ್ಚರಿಕೆಯೇ: ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತದೆ, ಎಳೆಗಳು ಗಾಳಿಗೆ ಸೇರಿ ಉಸಿರಿನೊಂದಿಗೆ ಒಳಗೆ ಹೋಗುತ್ತವೆ.

ಚಕ್ಕುಲಿ, ಬಿಸ್ಕತ್ತಿಗೆ ಈ ಪದ ಹಚ್ಚಬೇಡಿ, ‘ಕ್ರಂಬ್ಲಿ’ ಸಾಕು. ನಮ್ಮ ಬ್ಯಾಚ್ ರೆಕಾರ್ಡಿನಲ್ಲಂತೂ ವಿಶೇಷಣಕ್ಕೆ ಜಾಗವೇ ಇಲ್ಲ. ‘ಫ್ರೈಯಬಿಲಿಟಿ’ ಎಂದು ನಾಮಪದ ಬರೆದು, ಮುಂದೆ ಅಂಕಿ ಹಾಕಿ ಸಹಿ ಮಾಡುತ್ತೇವೆ.